ಕಾರ್ ಸ್ಟೀರಿಯೋ ಕೊಳ್ಳುವ ಮೊದಲು ಡಬ್ಬ ತಿರುಗಿಸಿ ನೋಡಿ

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದು ಕಾರ್ ಆಕ್ಸೆಸರೀಸ್ ಅಂಗಡಿ. ಸಕಲೇಶಪುರ, ಬೇಲೂರು, ಆಲೂರು ಕಡೆಯ ಎಸ್ಟೇಟ್ ಜೀಪುಗಳು ಜಾಸ್ತಿ ಬರುತ್ತವೆ. ಬಂದವರು ಮೊದಲು ಕೇಳುವುದು, "ಯಾವ ಕಂಪನಿ ಒಳ್ಳೇದು ಹೇಳಿ." ಕಂಪನಿ ಹೆಸರು ನೋಡಿ ದುಡ್ಡು ಕೊಡಬೇಡಿ ಅಂತಲೇ ನಾನು ಹೇಳುವುದು. ಮುಖದ ಮೇಲಿನ ಹೆಸರು ಒಬ್ಬರದು, ಒಳಗಿನ ಮಾಲು ಇನ್ನೊಬ್ಬರದು, ವಾರಂಟಿ ಮತ್ತೊಬ್ಬರದು ಆಗಿರಬಹುದು.

ಅದಕ್ಕೇ ಮೊದಲು ಡಬ್ಬ ತಿರುಗಿಸಿ. ತಯಾರಿಸಿದವರು ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು-ವರ್ಷ, ಎಂ.ಆರ್.ಪಿ., ದೂರು ಹೇಳಲು ಫೋನ್ ನಂಬರ್ ಇರಬೇಕು. ಹೊರಗಿನ ಮಾಲಾದರೆ ಯಾವ ದೇಶದ್ದು ಅಂತಲೂ ಇರಬೇಕು. ಇದು ಕಾನೂನು. ಈ ಚೀಟಿಯೇ ಇಲ್ಲದ ಡಬ್ಬವನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಆ ನಂಬರಿಗೆ ಅಂಗಡಿಯಲ್ಲೇ ನಿಂತು ಫೋನ್ ಮಾಡಿ, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳಿ. ಹಾಸನವೋ, ಮೈಸೂರೋ, ಬೆಂಗಳೂರೋ? ಸೆಟ್ ಕೆಟ್ಟ ದಿನ ನಿಮಗೆ ಬೇಕಾಗುವುದು ಇದೊಂದೇ ಉತ್ತರ.

ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಿರಿಯ ಪ್ಲಾಂಟರುಗಳಿಗೆ ಬ್ಲೌಪಂಕ್ಟ್ ಅಂದರೆ ಇವತ್ತಿಗೂ ಪ್ರಾಣ. 1923ರಲ್ಲಿ ಬರ್ಲಿನ್‌ನಲ್ಲಿ ಐಡಿಯಲ್ ಅನ್ನುವ ಹೆಸರಿನಲ್ಲಿ ಶುರುವಾದ ಕಂಪನಿ ಅದು. ಪರೀಕ್ಷೆಯಲ್ಲಿ ಪಾಸಾದ ಹೆಡ್‌ಫೋನ್ ಮೇಲೆ ನೀಲಿ ಚುಕ್ಕೆ ಅಂಟಿಸುತ್ತಿದ್ದರು. ಜನ ಆ ಚುಕ್ಕೆ ನೋಡಿಯೇ ಕೇಳತೊಡಗಿದರು, ಕಡೆಗೆ ಕಂಪನಿಗೂ ಅದೇ ಹೆಸರಾಯಿತು; ಜರ್ಮನ್ ಭಾಷೆಯಲ್ಲಿ ಬ್ಲೌಪಂಕ್ಟ್ ಅಂದರೆ ನೀಲಿ ಚುಕ್ಕೆ. 1932ರಲ್ಲಿ ಯುರೋಪಿನ ಮೊದಲ ಕಾರ್ ರೇಡಿಯೋ ತಂದದ್ದೂ ಇವರೇ. ಮರುವರ್ಷ ಜರ್ಮನಿಯದೇ ಬಾಷ್ ಕಂಪನಿಯ ಕೈಗೆ ಹೋಯಿತು, ಮುಕ್ಕಾಲು ಶತಮಾನ ಅಲ್ಲೇ ಇತ್ತು. 2009ರಲ್ಲಿ ಬಾಷ್ ಅದನ್ನು ಔರೇಲಿಯಸ್ ಅನ್ನುವ ಹೂಡಿಕೆ ಕಂಪನಿಗೆ ಮಾರಿತು. ಕೆಲವೇ ವರ್ಷಗಳಲ್ಲಿ ಬ್ಲೌಪಂಕ್ಟ್ ದಿವಾಳಿಯೂ ಆಯಿತು. ಈಗ ಉಳಿದಿರುವುದು ಹೆಸರು. ಅದನ್ನು ಲೈಸೆನ್ಸ್ ಪಡೆದು ಬೇರೆ ಬೇರೆ ಕಂಪನಿಗಳು ಬಳಸುತ್ತವೆ. ಹಾಗಂತ ಇವತ್ತಿನ ಸೆಟ್ ಕೆಟ್ಟದ್ದು ಅಂತಲ್ಲ. ಅಪ್ಪನ ಅಂಬಾಸಿಡರ್‌ನಲ್ಲಿ ಹಾಡಿದ ಸೆಟ್ಟಿನ ನಂಬಿಕೆಯನ್ನು ಇದರ ಮೇಲೆ ಹಾಕಬೇಡಿ. ಹೊಸ ಕಂಪನಿಯ ಮಾಲು ಅಂದುಕೊಂಡೇ ಕೇಳಿ ನೋಡಿ.

ಜೆ.ಬಿ.ಎಲ್. ತಗೊಳ್ಳಲೋ ಇನ್ಫಿನಿಟಿ ತಗೊಳ್ಳಲೋ ಅಂತ ಅರ್ಧ ದಿನ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಎರಡೂ ಹರ್ಮನ್ ಮನೆಯವೇ. ಹರ್ಮನ್ ಕಾರ್ಡನ್ ಕೂಡ. ಆ ಹರ್ಮನ್ ಕಂಪನಿಯನ್ನೇ ಸ್ಯಾಮ್‌ಸಂಗ್ 2017ರಲ್ಲಿ ಸುಮಾರು 800 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಇಲ್ಲಿ ಹೆಸರು ಬಿಟ್ಟು ಮಾಡೆಲ್ ನಂಬರ್ ಹೋಲಿಸಿ. ಜೆ.ವಿ.ಸಿ. ಮತ್ತು ಕೆನ್‌ವುಡ್ ಕೂಡ 2008ರಿಂದ ಒಂದೇ ಮನೆ. ಎರಡರ ಒಂದೇ ದರ್ಜೆಯ ಸೆಟ್‌ಗಳಲ್ಲಿ ಯಾವುದರ ಬಟನ್ ನಿಮ್ಮ ಕೈಗೆ ಹೊಂದುತ್ತದೋ ಅದನ್ನು ತಗೊಳ್ಳಿ. ಆಲ್ಪೈನ್ 1967ರಲ್ಲಿ ಜಪಾನಿನ ಆಲ್ಪ್ಸ್ ಕಂಪನಿ ಮತ್ತು ಮೊಟೊರೋಲಾ ಸೇರಿ ಕಟ್ಟಿದ್ದು, 2019ರಲ್ಲಿ ತಾಯಿ ಕಂಪನಿ ಆಲ್ಪ್ಸ್ ಜೊತೆಗೇ ಸೇರಿಹೋಯಿತು. ಕ್ಲಾರಿಯನ್ ಅದೇ ವರ್ಷ ಫ್ರಾನ್ಸಿನ ಫೋರೆಸಿಯಾಗೆ ಹೋಯಿತು. 1984ರಲ್ಲಿ ಕಾರಿಗೆ ಸಿ.ಡಿ. ಪ್ಲೇಯರ್ ತಂದ ಪಯೋನಿಯರ್ ಕೂಡ 2019ರಲ್ಲಿ ಒಂದು ಹೂಡಿಕೆ ಕಂಪನಿಯ ಕೈ ಸೇರಿತು. ಮಾಲೀಕರು ಬದಲಾದ ಮಾತ್ರಕ್ಕೆ ಇಂಜಿನಿಯರುಗಳು ಓಡಿಹೋಗುವುದಿಲ್ಲ. ಪಯೋನಿಯರ್ ಸೆಟ್ ನಾನು ಈಗಲೂ ಧೈರ್ಯವಾಗಿ ಹಾಕಿಕೊಡುತ್ತೇನೆ. ಕಂಪನಿ ನಡೆಯುತ್ತಾ ಕೈ ಬದಲಾಗಿದೆಯೋ, ಬರೀ ಹೆಸರು ಮಾತ್ರ ಮಾರಾಟವಾಗಿದೆಯೋ? ನೀವು ತಿಳಿದುಕೊಳ್ಳಬೇಕಾದ್ದು ಇದು.

ಆಮೇಲೆ ವ್ಯಾಟ್. ಮುಖದ ಮೇಲೆ 50 ವ್ಯಾಟ್ × 4 ಅಂತಿರುತ್ತದೆ. ಅದು ಒಂದು ಕ್ಷಣದ ಗರಿಷ್ಠ ಲೆಕ್ಕ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. ಬೇರೆ ಆಂಪ್ (ಆಂಪ್ಲಿಫೈಯರ್) ಇಲ್ಲದಿದ್ದರೆ ಸಾಮಾನ್ಯ ಸೆಟ್ಟಿನಿಂದ ಒಂದೊಂದು ಸ್ಪೀಕರಿಗೆ 25 ವ್ಯಾಟ್ ಆಸುಪಾಸಿಗಿಂತ ಜಾಸ್ತಿ ಶುದ್ಧವಾಗಿ ಬರುವುದಿಲ್ಲ. ಬಹುತೇಕ ಬ್ರ್ಯಾಂಡ್‌ಗಳಲ್ಲಿ ಇಷ್ಟೇ. ಸೆಟ್ಟಿನ ಜೊತೆ ಬರುವ ಪುಸ್ತಕದಲ್ಲಿ ಆರ್.ಎಂ.ಎಸ್. ಅಂತ ಬರೆದಿರುವ ಅಂಕಿ, ಅಂದರೆ ಸತತವಾಗಿ ಸಿಗುವ ವ್ಯಾಟ್, ಹುಡುಕಿ, ಸ್ಪೀಕರನ್ನೂ ಅದೇ ಅಂಕಿ ನೋಡಿ ಆರಿಸಿ.

ಫಿಟ್ಟಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಕಾರಿನ ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಗಾಡಿಯ ಮಾಡೆಲ್‌ಗೆ ಸರಿಯಾದ ಕಪ್ಲರ್ (ವೈರ್ ಕತ್ತರಿಸದೆ ಜೋಡಿಸುವ ಪ್ಲಗ್) ಹಾಕಿಸಿ. ಸೆಟ್ಟಿನ ಹಳದಿ ವೈರ್ ನೇರ ಬ್ಯಾಟರಿಯದು, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟಿನದು, ಕಪ್ಪು ಅರ್ತ್. ಹಳದಿ, ಕೆಂಪು ಎರಡನ್ನೂ ಬ್ಯಾಟರಿಗೇ ಸೇರಿಸಿಬಿಟ್ಟರೆ ನಾಲ್ಕು ದಿನ ನಿಂತ ಜೀಪ್ ಸ್ಟಾರ್ಟ್ ಆಗದೇ ಹೋಗಬಹುದು. ತೋಟದ ರಸ್ತೆಯಲ್ಲಿ ಓಡುವ ಗಾಡಿಯಾದರೆ ಸೆಟ್ಟಿನ ಹಿಂದೆ ಪಟ್ಟಿ ಹಾಕಿ ಬೋಲ್ಟ್ ಬಿಗಿಸಲೇಬೇಕು. ಬರೀ ಮುಂದಿನ ಫ್ರೇಮ್ ಮೇಲೆ ನಿಂತ ಸೆಟ್ ಕುಲುಕಿ ಕುಲುಕಿ ಸಡಿಲವಾಗುತ್ತದೆ.

ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಡಬ್ಬದ ಹಿಂದಿನ ಆ ಚೀಟಿಯ ಫೋಟೋ ಕೂಡ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ವಾರಂಟಿ ಕೇಳಲು ಹೋದಾಗ ಅವರು ಮೊದಲು ಕೇಳುವುದು ಇವನ್ನೇ.