ಟಿ-ಬೋನ್ ವಾಕರ್ ನನಗೆ ಕಲಿಸಿದ್ದು

ಮೂರು ತಿಂಗಳು ಒಂದೇ ಹಾಡಿನ ಹಿಂದೆ ಬಿದ್ದಿದ್ದೆ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಟಿ-ಬೋನ್ ವಾಕರ್ 1947ರಲ್ಲಿ ರೆಕಾರ್ಡ್ ಮಾಡಿದ 'ಕಾಲ್ ಇಟ್ ಸ್ಟಾರ್ಮಿ ಮಂಡೇ'. ಸ್ವರಗಳನ್ನು ಹುಡುಕಿಕೊಳ್ಳಲು ಒಂದು ವಾರ ಸಾಕಾಯಿತು. ಉಳಿದ ದಿನವೆಲ್ಲ ಹೋದದ್ದು ಯಾವಾಗ ಮೀಟಬಾರದು ಅನ್ನೋದನ್ನು ಕಲಿಯಲು.

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ. ಅದರ ಒಂದು ಸುತ್ತು ಅಂದರೆ 12 ಬಾರ್. ಒಂದು ಬಾರ್ ಅಂದರೆ 4 ಎಣಿಕೆ, ಒಟ್ಟು 48. ಅದರಲ್ಲಿ ಮೂರು ಸಾಲು ಹಾಡು. ಪ್ರತಿ ಸಾಲೂ ಹೆಚ್ಚುಕಮ್ಮಿ ಎರಡು ಬಾರ್‌ಗೆ ಮುಗಿಯುತ್ತದೆ, ಆಮೇಲಿನ ಎರಡು ಬಾರ್ ಗಿಟಾರಿನದು. ನಾನು ಹಾಡುತ್ತಿರುವಾಗಲೂ ಬೆರಳು ಓಡಿಸುತ್ತಲೇ ಇದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯಿತು. ಇಬ್ಬರು ಒಟ್ಟಿಗೆ ಮಾತಾಡಿದ ಹಾಗಿತ್ತು, ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

ಮೊದಲು ಹಾಡು, ಆಮೇಲೆ ಗಿಟಾರಿನ ಉತ್ತರ ಅನ್ನೋ ಈ ಕ್ರಮವನ್ನು ವಾಕರ್ ಎಲ್ಲಿಂದ ಪಡೆದರು ಅಂತ ಯೋಚಿಸಿದರೆ ನನಗೆ ಡಲ್ಲಾಸ್ ಬೀದಿಗಳೇ ಕಣ್ಣಿಗೆ ಬರುತ್ತವೆ. ಅವರು ಹುಟ್ಟಿದ್ದು 1910ರಲ್ಲಿ, ಟೆಕ್ಸಸ್‌ನ ಲಿಂಡೆನ್‌ನಲ್ಲಿ. ಬೆಳೆದದ್ದು ಡಲ್ಲಾಸ್‌ನಲ್ಲಿ. ಕಣ್ಣು ಕಾಣದ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್ ಮನೆಯವರಿಗೆ ಪರಿಚಯ. ಹುಡುಗನಾಗಿದ್ದ ವಾಕರ್, ಜೆಫರ್ಸನ್ ಕೈಹಿಡಿದು ಬೀದಿ ಬೀದಿ ಕರೆದೊಯ್ಯುತ್ತಿದ್ದರು. ಜೆಫರ್ಸನ್ ಒಂದು ಸಾಲು ಹಾಡಿ, ಅದಕ್ಕೆ ತಾವೇ ಗಿಟಾರಿನಲ್ಲಿ ಉತ್ತರ ಕೊಡುವವರು. ಅಷ್ಟು ಹತ್ತಿರದಿಂದ ದಿನಾ ಕೇಳಿದ್ದು ಕೈಗೆ ಬಾರದೆ ಇರುತ್ತದೆಯೇ?

ಆದರೆ ಜೆಫರ್ಸನ್ ಒಬ್ಬರೇ ನುಡಿಸುತ್ತಿದ್ದರು. ವಾಕರ್ ಸುತ್ತ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ಸ್. ಅವುಗಳ ನಡುವೆ ಬರೀ ಮರದ ಗಿಟಾರಿನ ಒಂದೊಂದು ಸ್ವರ ಕೇಳಿಸುವುದೇ ಇಲ್ಲ. ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್ ಬಂದಮೇಲೆ ಗಿಟಾರ್ ಕೂಡ ಸ್ಯಾಕ್ಸೊಫೋನಿನ ಹಾಗೆ ಮುಂದೆ ನಿಂತು ಮಾತಾಡಬಹುದಾಯಿತು. ಬ್ಲೂಸ್‌ನಲ್ಲಿ ಆ ದಾರಿ ತೋರಿಸಿದವರಲ್ಲಿ ಮೊದಲಿಗರು ಇವರು. 'ಸ್ಟಾರ್ಮಿ ಮಂಡೇ' ಕೇಳಿಯೇ ತನಗೂ ಎಲೆಕ್ಟ್ರಿಕ್ ಗಿಟಾರ್ ಬೇಕೆನಿಸಿತು ಅಂತ ಮುಂದೆ ಹೆಸರಾದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಹೇಳಿಕೊಂಡಿದ್ದಾರೆ.

ನಾನು ಮಾಡಿಕೊಂಡ ವ್ಯವಸ್ಥೆ ಸರಳ. ಗಿಟಾರಿನ ಕುತ್ತಿಗೆ ಕಡೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಟೋನ್ ಅರ್ಧಕ್ಕೆ ಇಳಿಸಿದ್ದು, ಆಂಪ್‌ನಲ್ಲಿ ಒಡಕು ದನಿ ಬೇಡವೇ ಬೇಡ. ಆಮೇಲೆ ತಂತಿ ಬದಲಾಯಿಸಿದೆ. ಆಗಿನ ಗಿಟಾರುಗಳಲ್ಲಿ ಮೂರನೇ ತಂತಿಯ ಮೇಲೂ ಇನ್ನೊಂದು ತೆಳು ತಂತಿ ಸುತ್ತಿರುತ್ತಿತ್ತು, ದಪ್ಪ. ಅಂಥದ್ದನ್ನೇ ಹಾಕಿದೆ. ಎರಡು ದಿನ ಬೆರಳು ಉರಿಯಿತು. ಆದರೆ ಒಂದು ವಿಷಯ ತಾನಾಗಿಯೇ ಸರಿಹೋಯಿತು. ಆ ತಂತಿಯನ್ನು ಜಾಸ್ತಿ ಎಳೆಯಲು ಆಗುವುದಿಲ್ಲ. ಸ್ವಲ್ಪವೇ ಎಳೆದರೆ ಸ್ವರ ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಬ್ಲೂಸ್ ಇರುವುದೇ ಅಲ್ಲಿ.

ವಾಕರ್ ಗಿಟಾರನ್ನು ಮೈಗೆ ಒತ್ತಿಕೊಳ್ಳದೆ, ಮುಖ ಮೇಲಾಗಿಸಿ ಮಲಗಿಸಿದ ಹಾಗೆ ಹಿಡಿಯುತ್ತಿದ್ದರು. ಆ ಫೋಟೊ ನೋಡಿ ನಮ್ಮ ಅತ್ತೆ, "ಇದೇನೋ, ವೀಣೆ ಹಿಡಿದ ಹಾಗಿದೆಯಲ್ಲೋ!" ಅಂದರು. ಅವರು ವೀಣೆ ನುಡಿಸುವವರು. ನಾನೂ ಹಾಗೆ ಹಿಡಿದು ನೋಡಿದೆ. ಮಣಿಕಟ್ಟು ತಿರುಗುತ್ತದೆ, ಪಿಕ್ ತಂತಿಗೆ ಓರೆಯಾಗಿ ತಾಗುತ್ತದೆ. ವೇಗ ತಾನಾಗಿ ತಗ್ಗುತ್ತದೆ, ಒಂದೊಂದು ಸ್ವರಕ್ಕೂ ತೂಕ ಬರುತ್ತದೆ. ಹತ್ತು ನಿಮಿಷಕ್ಕೆ ಭುಜ ನೋಯುತ್ತದೆ ಅನ್ನೋದೂ ನಿಜ. ಅವರು ಗಿಟಾರನ್ನು ತಲೆಯ ಹಿಂದೆ ಇಟ್ಟೂ ನುಡಿಸುತ್ತಿದ್ದರು. ನಾನು ಆ ಗೋಜಿಗೆ ಹೋಗಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮೂರು ತಂತಿಯನ್ನು ಒಟ್ಟಿಗೆ ನುಡಿಸುವ ಪುಟ್ಟ ಕಾರ್ಡ್. ಎರಡು ಫ್ರೆಟ್, ಅಂದರೆ ಎರಡು ಮನೆ, ಜಾರುತ್ತದೆ, ಅಷ್ಟೇ. ಆದರೆ ಎಣಿಕೆಗಿಂತ ಕೂದಲೆಳೆಯಷ್ಟು ತಡವಾಗಿ ಜಾರಬೇಕು. ಎಣಿಕೆ ಟಿಕ್ಕೆನ್ನಿಸುವ ಮೆಟ್ರೊನೋಮ್ ಹಾಕಿಕೊಂಡು ನಿಮಿಷಕ್ಕೆ 60 ಎಣಿಕೆಯ ವೇಗದಲ್ಲಿ ಇದೊಂದನ್ನೇ ದಿನಾ ಅರ್ಧ ಗಂಟೆ ಮಾಡಿದೆ. ಎಡಗೈ ಜಾರುವಾಗ ಒತ್ತಡ ಬಿಟ್ಟರೆ ದನಿ ಸಾಯುತ್ತದೆ, ಬಿಗಿ ಮಾಡಿದರೆ ಮುಗ್ಗರಿಸುತ್ತದೆ.

ಕಳೆದ ವಾರ ಗೆಳೆಯರ ಜೊತೆ ನುಡಿಸಿದೆ. ಮೊದಲ ಸಾಲು ಹಾಡಿದೆ, ಕೈ ತೆಗೆದೆ. ಬೇಸ್ ಒಂದೇ ನಡೆಯುತ್ತಿತ್ತು. ಮೂರು ಎಣಿಕೆ ಸುಮ್ನೆ ಇದ್ದು, ಆಮೇಲೆ ಒಂದು ಸ್ವರ ಮೀಟಿದೆ. ಡ್ರಮ್ಸ್ ನುಡಿಸುತ್ತಿದ್ದ ಗೆಳೆಯ ತಲೆಯೆತ್ತಿ ನನ್ನ ಕಡೆ ನೋಡಿದ.