ಹಸಿರು ಚುಕ್ಕೆ ನೋಡುವುದನ್ನು ಬಿಟ್ಟ ಮೇಲೆ

ಬೆಂಗಳೂರಿನಲ್ಲಿ ಕೂತು ಹೊರದೇಶದ ಗ್ರಾಹಕರಿಗೆ ಸಾಫ್ಟ್‌ವೇರ್ ಸಪೋರ್ಟ್ ಕೊಡುವ ಟೀಮ್ ನಮ್ಮದು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಅಂದಾಗ ಹಲವರ ಹತ್ತಿರ ಲ್ಯಾಪ್‌ಟಾಪೇ ಇರಲಿಲ್ಲ, ಡೆಸ್ಕ್‌ಟಾಪ್‌ಗಳನ್ನೇ ಕ್ಯಾಬ್‌ಗೆ ಹಾಕಿ ಕಳಿಸಿದೆವು. ಮನೆಯಿಂದ ಕೆಲಸ ಮಾಡಿಸಲು ಟೆಲಿಕಾಂ ಇಲಾಖೆಯ ಹಳೇ ನಿಯಮಗಳೂ ಅಡ್ಡ ಇದ್ದವು. ಆ ತಿಂಗಳು ತಾತ್ಕಾಲಿಕವಾಗಿ ಸಡಿಲ ಮಾಡಿದರು, ನವೆಂಬರ್‌ನಲ್ಲಿ ತುಂಬಾ ಸರಳ ಮಾಡಿದರು. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಅದಕ್ಕೆ ಮೊದಲೇ ಊರಿಗೆ ಹೋದವರು ಅಲ್ಲೇ ಉಳಿದರು: ಒಬ್ಬರು ತೀರ್ಥಹಳ್ಳಿ ಹತ್ತಿರ, ಒಬ್ಬರು ಸಿಂಧನೂರಿನಲ್ಲಿ.

ಮೇಲಿನವರು ಮೊದಲು ಕೇಳಿದ್ದು, ಯಾರು ಎಷ್ಟು ಹೊತ್ತು ಆನ್‌ಲೈನ್ ಇರುತ್ತಾರೆ ಅಂತ. ಚಾಟ್‌ನಲ್ಲಿ ಹಸಿರು ಚುಕ್ಕೆ ಇದ್ದರೆ ಮೌಸ್ ಅಲುಗಾಡಿದೆ ಅಂತ ಗೊತ್ತಾಗುತ್ತದೆ, ಅಷ್ಟೇ ಅಲ್ವಾ? ಆ ಲೆಕ್ಕದ ಬದಲು ನಾನು ಬೇರೆ ಒಂದು ಶೀಟ್ ಕೊಟ್ಟೆ. ಕೆಲಸ ನಿಲ್ಲಿಸುವ ಮೊದಲು ಪ್ರತಿಯೊಬ್ಬರೂ ಮೂರು ಸಾಲು ಬರೆಯಬೇಕು: ಏನು ಮುಗಿಯಿತು, ಎಲ್ಲಿ ನಿಂತಿದೆ, ಮುಂದೆ ಯಾರು ಹಿಡಿಯಬೇಕು. ಬೆಳಗಿನ ವಿಡಿಯೋ ಮೀಟಿಂಗ್ ತೆಗೆದುಬಿಟ್ಟೆ. ಮಲೆನಾಡಿನ ಮಳೆಗೆ ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಖಾಲಿಯಾಗಿ ನೆಟ್‌ವರ್ಕ್ ಸಾಯುತ್ತದೆ. ಹತ್ತು ಗಂಟೆಗೆ ಸರಿಯಾಗಿ ಮುಖ ತೋರಿಸಿ ಅಂದರೆ ತೀರ್ಥಹಳ್ಳಿ ಕಡೆಯ ಆ ಹುಡುಗ ಎಲ್ಲಿಂದ ತೋರಿಸಬೇಕು? ಅವನು ಬೆಳಗಿನ ಜಾವ ಕೂತು ಮುಗಿಸುತ್ತಿದ್ದ, ನೋಟ್ ನೋಡಿ ಸಿಂಧನೂರಿನವಳು ಮುಂದುವರಿಸುತ್ತಿದ್ದಳು.

ಇದರಿಂದ ನಾನು ಅಂದುಕೊಳ್ಳದ ಒಂದು ಲಾಭವೂ ಆಯಿತು. ಕಾನ್ಫರೆನ್ಸ್ ರೂಮಿನಲ್ಲಿ ಜೋರಾಗಿ ಮಾತಾಡುವವರೇ ಬುದ್ಧಿವಂತರ ತರ ಕಾಣುತ್ತಾರೆ. ಬರೆಯಲು ಶುರು ಮಾಡಿದ ಮೇಲೆ, ಮೀಟಿಂಗ್‌ಗಳಲ್ಲಿ ಬಾಯೇ ಬಿಡದ ಒಬ್ಬಳು ಅರ್ಧ ಟೀಮಿನ ಗಂಟುಗಳನ್ನು ಬಿಡಿಸುತ್ತಿದ್ದದ್ದು ಕಣ್ಣಿಗೆ ಬಿತ್ತು. ಅಪ್ರೈಸಲ್‌ನಲ್ಲಿ ನಾನು ಮುಂದಿಟ್ಟದ್ದು ಅವಳ ಆ ನೋಟ್‌ಗಳನ್ನೇ.

ನಿಜವಾದ ಪರೀಕ್ಷೆ 2021ರ ಏಪ್ರಿಲ್, ಮೇ, ಕೋವಿಡ್‌ನ ಎರಡನೇ ಅಲೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ಬೆಡ್ ಹುಡುಕುತ್ತಿದ್ದರು, ಇಲ್ಲವೇ ಅಪ್ಪನಿಗೆ ಆಕ್ಸಿಜನ್ ಹುಡುಕುತ್ತಿದ್ದರು. ಆಗ ಪ್ರತಿ ಕೆಲಸದ ಮುಂದೆ ಎರಡು ಹೆಸರು ಬರೆದೆವು. ಮೂರರಲ್ಲಿ ಒಬ್ಬರು ಇರುವುದಿಲ್ಲ ಅಂತಲೇ ಪ್ಲ್ಯಾನ್ ಮಾಡಿ, ಗ್ರಾಹಕರಿಗೆ ಫೋನ್ ಮಾಡಿ ಹೊಸ ಫೀಚರ್‌ಗಳನ್ನೆಲ್ಲ ಮುಂದಕ್ಕೆ ಹಾಕಿಸಿದೆ. ಅವರು ಸುದ್ದಿ ನೋಡಿದ್ದರು, ಹೆಚ್ಚು ವಾದ ಮಾಡಲಿಲ್ಲ. ಹುಷಾರಿಲ್ಲದವರಿಗೆ ಕೆಲಸದ ವಿಷಯಕ್ಕೆ ಯಾರೂ ಫೋನ್ ಮಾಡುವಂತಿಲ್ಲ ಅಂತ ಕಟ್ಟುನಿಟ್ಟಾಗಿ ಹೇಳಿದ್ದೆ. ಸಂಜೆ ನಾನೊಬ್ಬನೇ ಮಾಡುತ್ತಿದ್ದೆ, ಊಟ ಆಯ್ತಾ, ಔಷಧಿ ಸಿಕ್ತಾ, ಅಷ್ಟೇ. ಪ್ರೊಡಕ್ಟಿವಿಟಿ ಅನ್ನುವ ಮಾತನ್ನು ಆ ಎರಡು ತಿಂಗಳು ಎತ್ತಲೇ ಇಲ್ಲ.

ದೂರದಿಂದ ಸರಿಹೋಗದ ಒಂದೇ ವಿಷಯ ಅಂದರೆ ಫ್ರೆಷರ್‌ಗಳು. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂತು, ಐಡಿ ಬಂತು, ಮನುಷ್ಯರು ಮಾತ್ರ ಸಿಗಲಿಲ್ಲ. ಪಕ್ಕದಲ್ಲಿ ಕೂತವರು ಎರರ್ ಬಂದಾಗ ಮೊದಲು ಯಾವ ಲಾಗ್ (ಸಿಸ್ಟಮ್ ತಾನೇ ಬರೆದಿಡುವ ದಾಖಲೆ) ತೆಗೆಯುತ್ತಾರೆ ಅನ್ನುವುದನ್ನು ನೋಡಿ ಕಲಿಯುವಂಥ ಕೆಲಸ ಇದು. ಮಧ್ಯಾಹ್ನ ಸ್ಕ್ರೀನ್ ಶೇರ್ ಮಾಡಿ ಮ್ಯೂಟ್‌ನಲ್ಲಿ ಸುಮ್ನೆ ಜೊತೆಗೆ ಕೂರುವುದನ್ನು ಮಾಡಿ ನೋಡಿದೆವು, ಅರ್ಧಂಬರ್ಧ ಉಪಯೋಗವಾಯಿತು. ಹಾಗಾಗಿ ಈಗ ವಾರಕ್ಕೆ ಎರಡು ದಿನ ಆಫೀಸು, ಅದೂ ಮುಖ್ಯವಾಗಿ ಅವರಿಗೋಸ್ಕರ. ಆ ದಿನಗಳಲ್ಲಿ ಆನ್‌ಲೈನ್ ಮೀಟಿಂಗ್ ಇಡುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದು ಹೆಡ್‌ಫೋನ್ ಹಾಕಿಕೊಂಡು ಕೂರುವುದಾದರೆ ಮನೆಯಲ್ಲೇ ಇರಬಹುದಿತ್ತಲ್ಲ!