ಲಾರಿ ಓಡಿಸುವ ಆಸೆಯೇ? ಮೊದಲು ಪಿಕಪ್ ಹತ್ತಿ

ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಬಿಡಿಸುವುದು, ಆರಿಸುವುದು, ಬಾಕ್ಸಿಗೆ ತುಂಬುವುದು ಬಹುಪಾಲು ಹೆಂಗಸರ ಕೆಲಸ. ಬಾಕ್ಸು ಗಾಡಿ ಹತ್ತಿತೆಂದರೆ ಮುಂದಿನದು ಗಂಡಸರ ವ್ಯವಹಾರ, ಬಾಡಿಗೆ ದುಡ್ಡು ಓಡಾಡುವುದೂ ಅಲ್ಲೇ. ಎಪಿಎಂಸಿ ಯಾರ್ಡು ಒಂದು ಕಡೆ, ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳು ಇನ್ನೊಂದು ಕಡೆ. ಸಾಗಿಸಲು ಸರಕಿಗೇನೂ ಬರವಿಲ್ಲ. ಈ ಕೆಲಸಕ್ಕೆ ಇಳಿಯಬೇಕೆನ್ನುವ ಹೆಣ್ಣುಮಕ್ಕಳು ಹೆವಿ ಲೈಸೆನ್ಸಿಗೆಂದು ವರ್ಷಗಟ್ಟಲೆ ಕಾಯುತ್ತಾ ಕೂರಬೇಕಿಲ್ಲ.

ಕಾರಿನ ಡಿಎಲ್ಲೇ ಸಾಕು

ಗಾಡಿ ಮತ್ತು ಸರಕು ಸೇರಿ ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ, ಎಲ್‌ಎಂವಿ ಡಿಎಲ್ (ಕಾರಿನಂಥ ಹಗುರ ವಾಹನದ ಲೈಸೆನ್ಸ್) ಇರುವವರು ಅಂಥ ಸರಕು ವಾಹನ ಓಡಿಸಬಹುದು, ಬೇರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಡ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಟಾಟಾ ಏಸ್, ಬೊಲೆರೊ ಪಿಕಪ್, ಟಾಟಾ 407 ಎಲ್ಲ ಈ ಮಿತಿಯೊಳಗೇ ಬರುತ್ತವೆ. ಸರಕು ವಾಹನಕ್ಕೆ 20 ವರ್ಷ ತುಂಬಿರಬೇಕು ಎನ್ನುವುದನ್ನು ಮಾತ್ರ ಮರೆಯಬೇಡಿ.

ಲೋಡಿನ ಲೆಕ್ಕ

ಕಾರು ಓಡಿಸಿ ರೂಢಿಯಿದ್ದವರೂ ತಡವರಿಸುವುದು ಇಲ್ಲಿ. ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯದು, ಲೋಡ್ ಸಮೇತದ್ದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಎಷ್ಟು ಹೇರಬಹುದೆಂಬುದು ಸಿಗುತ್ತದೆ. ಕೋಲಾರದ ಟೊಮೆಟೊ ಬಾಕ್ಸು 15 ಕೆ.ಜಿ. ಲೆಕ್ಕದ್ದು. ಒಂದೂವರೆ ಟನ್ ಸಾಮರ್ಥ್ಯದ ಪಿಕಪ್ಪಿಗೆ ನೂರು ಬಾಕ್ಸು ಹಾಕಿದರೆ ಮುಗಿಯಿತು, ಖಾಲಿ ಬಾಕ್ಸಿನ ತೂಕ ಹಿಡಿದರೆ ಅದಕ್ಕಿಂತ ಕಮ್ಮಿಯೇ. ಆದರೆ ಮಂಡಿಯಲ್ಲಿ ಕೇಳಿಬರುವ ಮಾತೇ ಬೇರೆ: “ಇನ್ನೊಂದು ಇಪ್ಪತ್ತು ಬಾಕ್ಸ್ ಏರಿಸ್ಕೊಳಮ್ಮ, ಏನೂ ಆಗಲ್ಲ.” ಆಗುವುದೇನೆಂದರೆ, ಓವರ್‌ಲೋಡಿಗೆ ದಂಡ ₹20,000, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ ₹2,000. ದಾರಿಯಲ್ಲಿ ಅದಕ್ಕೆ ಉತ್ತರ ಕೊಡಬೇಕಾದವರು ಸೀಟಿನಲ್ಲಿರುವ ನೀವು, ಮಂಡಿಯವರಲ್ಲ. “ಆಗಲ್ಲಣ್ಣ, ಇನ್ನೊಂದು ಟ್ರಿಪ್ ಹೊಡೀತೀನಿ” ಎಂದು ನಗುತ್ತಲೇ ಹೇಳಿ, ಡೋರ್ ಹಾಕಿಸಿ.

ಮೊದಲ ಕೆಲವು ದಿನ ಅರ್ಧ ಲೋಡಿನಲ್ಲಿ, ಬೆಳಕಿರುವಾಗ, ಗೊತ್ತಿರುವ ರಸ್ತೆಯಲ್ಲೇ ಓಡಿಸಿ. ತುಂಬಿದ ಗಾಡಿ ಬ್ರೇಕಿಗೆ ತಕ್ಷಣ ನಿಲ್ಲುವುದಿಲ್ಲ, ತಿರುವಿನಲ್ಲಿ ವಾಲುತ್ತದೆ, ಹಂಪಿನ ಮೇಲೆ ಹಿಂಭಾಗ ಎತ್ತಿ ಹಾಕುತ್ತದೆ. ಹಗ್ಗ ಬಿಗಿಯುವುದನ್ನು ಹಮಾಲರಿಗೆ ಬಿಟ್ಟು ಟೀ ಕುಡಿಯಲು ಹೋಗಬೇಡಿ, ಪಕ್ಕದಲ್ಲಿ ನಿಂತು ಕಲಿಯಿರಿ. ಸ್ವಲ್ಪ ದೂರ ಹೋದ ಮೇಲೆ ಲೋಡು ಕುಳಿತುಕೊಂಡು ಹಗ್ಗ ಸಡಿಲವಾಗುತ್ತದೆ. ಆಗ ಇಳಿದು ಮತ್ತೆ ಬಿಗಿಯಬೇಕಾದವರು ನೀವೇ.

ಹೆವಿ ಲೈಸೆನ್ಸ್

ಎಲ್‌ಎಂವಿ ಡಿಎಲ್ ಪಡೆದು ಒಂದು ವರ್ಷವಾಗಿದ್ದರೆ ಲಾರಿಯ ಎಲ್‌ಎಲ್‌ಆರ್‌ಗೆ (ಕಲಿಕಾ ಲೈಸೆನ್ಸಿಗೆ) ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ವೈದ್ಯರಿಂದ ಆರೋಗ್ಯ ಪ್ರಮಾಣಪತ್ರ, ಅಂದರೆ ಫಾರಂ 1ಎ ಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲೇ ಹೋಗಿದೆ, ಓದಿಲ್ಲವೆಂದು ಹಿಂಜರಿಯಬೇಡಿ. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಕಳೆದ ಮೇಲೆ, ಆರು ತಿಂಗಳೊಳಗೆ ಟೆಸ್ಟು. ಕೋಲಾರ, ಕೆಜಿಎಫ್ ಎರಡೂ ಕಡೆ ಆರ್‌ಟಿಒ ಕಚೇರಿಗಳಿವೆ.

ಟೆಸ್ಟಿಗೆ ತರಬೇತಿ ಪಡೆದಿದ್ದಕ್ಕೆ ಡ್ರೈವಿಂಗ್ ಸ್ಕೂಲು ಕೊಡುವ ಫಾರಂ 5 ಬೇಕಾಗುತ್ತದೆ. “ಕ್ಲಾಸಿಗೆ ಬರದಿದ್ರೂ ನಡಿಯತ್ತೆ ಮೇಡಂ” ಎನ್ನುವ ಸ್ಕೂಲಿಗೆ ಕೈ ಮುಗಿದು ಬನ್ನಿ. ಅವರಲ್ಲಿ ಲಾರಿ ಇದೆಯೇ, ವಾರಕ್ಕೆಷ್ಟು ಗಂಟೆ ಸ್ಟಿಯರಿಂಗ್ ನಿಮ್ಮ ಕೈಗೆ ಬರುತ್ತದೆ ಎಂದು ದುಡ್ಡು ಕಟ್ಟುವ ಮುಂಚೆ ಕೇಳಿ. ಸರ್ಕಾರದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಹೆವಿ ಕೋರ್ಸು ಆರು ವಾರದಲ್ಲಿ 38 ಗಂಟೆ. ಅಲ್ಲಿ ಪಾಸಾದವರಿಗೆ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿಯಿದೆ. ಟ್ರಾನ್ಸ್‌ಪೋರ್ಟ್ ಡಿಎಲ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಕ್ಯಾಬಿನ್ ಹತ್ತಿದ ಮೇಲೆ

“ಹೆಂಗಸರಿಗೆ ಲಾರಿ ತಿರುಗಿಸೋ ಶಕ್ತಿ ಎಲ್ಲಿ” ಎನ್ನುವವರು ಪವರ್ ಸ್ಟಿಯರಿಂಗ್ ಬಂದಿದ್ದನ್ನು ನೋಡಿಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾದ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕೂಡ ಕಡ್ಡಾಯ. ಶಕ್ತಿಗಿಂತ ಎತ್ತರ ಮುಖ್ಯ. ಸೀಟಿಗೆ ಬೆನ್ನು ಒರಗಿಸಿಯೇ ಕ್ಲಚ್ಚನ್ನು ಪೂರ್ತಿ ತುಳಿಯಲು ಆಗಬೇಕು. ಬೆನ್ನು ಮುಂದೆ ಬಂದರೆ ಸೀಟು ಸರಿಮಾಡಿಸದೆ ಆ ಗಾಡಿ ತೆಗೆಯಬೇಡಿ.

ಲಾರಿಯ ಏರ್ ಬ್ರೇಕ್ ಕಾರಿನ ಬ್ರೇಕಿನಂತಲ್ಲ, ಗಾಳಿಯ ಒತ್ತಡದಿಂದ ಹಿಡಿಯುವಂಥದ್ದು. ಎಂಜಿನ್ ಚಾಲೂ ಮಾಡಿ, ಗೇಜಿನಲ್ಲಿ ಪ್ರೆಷರ್ ಏರುವವರೆಗೆ ಕಾಯಲೇಬೇಕು. ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರನ್ನು ಆಗಾಗ ಬಿಡಬೇಕು. ಚೆನ್ನೈ ಲೋಡು ಹಿಡಿದರೆ ಪಲಮನೇರು ದಾಟಿ ಮೊಗಿಲಿ ಘಾಟ್ ಸಿಗುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಹಳಬರ ಚಾಳಿ ನಿಮಗೆ ಬೇಡ. ಬ್ರೇಕನ್ನೇ ಒತ್ತುತ್ತಾ ಹೋದರೆ ಲೈನರ್ ಕಾದು ಹಿಡಿತ ಬಿಡುತ್ತದೆ.

ಒಪ್ಪುವ ಮುನ್ನ ಕೇಳುವುದು

ಸಂಬಳ, ಬತ್ತಾ ಎಲ್ಲರೂ ಕೇಳುತ್ತಾರೆ. ನೀವು ಲೋಡಿಂಗ್ ಜಾಗದಲ್ಲಿ ಹೆಂಗಸರ ಶೌಚಾಲಯ ಇದೆಯೇ, ರಾತ್ರಿ ಸರದಿ ಬಾರದಿದ್ದರೆ ಗೇಟಿನ ಒಳಗೆ ನಿಲ್ಲಿಸಲು ಬಿಡುತ್ತಾರೆಯೇ ಎಂದೂ ಕೇಳಿ. ಇದನ್ನು ಕೇಳಲು ಸಂಕೋಚಪಟ್ಟು ಇಡೀ ದಿನ ನೀರು ಕುಡಿಯದೆ ಗಾಡಿ ಓಡಿಸಿದರೆ ಆರೋಗ್ಯ ಕೆಡುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿಯಿದೆ. ರಸ್ತೆಯಲ್ಲಿ ಅದು ಎಷ್ಟು ನಡೆಯುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಮಾತಾಡುವಾಗ ಕೈಯಲ್ಲೊಂದು ಆಧಾರವಿರಲಿ. ಗಾಡಿಯ ಇನ್ಶೂರೆನ್ಸಿನಲ್ಲಿ ಸಂಬಳದ ಡ್ರೈವರ್ ಸೇರಿದ್ದಾರೆಯೇ ಎಂದು ಪಾಲಿಸಿ ತೆಗೆಸಿ ನೋಡಿ.

ಸ್ವಂತ ಗಾಡಿ ಬೇಕೆನ್ನುವವರು ಮುದ್ರಾ ಸಾಲ, ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ, ವಿವಿಧ ನಿಗಮಗಳ ಸ್ವಾವಲಂಬಿ ಸಾರಥಿ ಯೋಜನೆಗಳನ್ನು ವಿಚಾರಿಸಬಹುದು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಅಷ್ಟು ಖರ್ಚು ಉಳಿಯುತ್ತದೆ.

ಕಾಗದಪತ್ರ

ಗೇಟು ದಾಟುವ ಮುಂಚೆ ಎಲ್‌ಆರ್ (ಸರಕು ಒಪ್ಪಿಸಿದ್ದಕ್ಕೆ ಟ್ರಾನ್ಸ್‌ಪೋರ್ಟಿನವರು ಕೊಡುವ ರಸೀದಿ), ಬಿಲ್ಲು, ₹50,000 ಮೀರಿದ ಸರಕಾದರೆ ಜಿಎಸ್‌ಟಿಯ ಇ-ವೇ ಬಿಲ್ಲು ಕೈಯಲ್ಲಿರಲಿ. ತೆರಿಗೆಯಿಲ್ಲದ ತಾಜಾ ತರಕಾರಿಗೆ ಇ-ವೇ ಬಿಲ್ಲಿನ ತಾಪತ್ರಯವಿಲ್ಲ, ಕಾರ್ಖಾನೆ ಸರಕಿಗೆ ಇದೆ. ಇ-ವೇ ಬಿಲ್ಲಿನಲ್ಲಿರುವ ಗಾಡಿ ನಂಬರ್ ನಿಮ್ಮದೇ ಎಂದು ನೋಡಿಕೊಳ್ಳಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ನಿಂತರೆ ಕೂಡಲೇ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ ಅವಧಿ ವಿಸ್ತರಿಸಲು ಹೇಳಿ. ಅನ್‌ಲೋಡ್ ಆದ ಮೇಲೆ ಪಿಒಡಿ (ಸರಕು ತಲುಪಿತೆಂಬ ಚೀಟಿ) ಮೇಲೆ ಸಹಿ, ಸೀಲು ಹಾಕಿಸಿ, ಎಷ್ಟು ಬಾಕ್ಸು ಇಳಿಯಿತು ಎಂದು ಬರೆಸಿ, ಅಲ್ಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಾಕಿ ಬಾಡಿಗೆ ಬಿಡುಗಡೆಯಾಗುವುದು ಆ ಚೀಟಿ ಆಫೀಸಿಗೆ ತಲುಪಿದ ಮೇಲೆಯೇ.